ಮಲಗೋ ಮುಂಚೆ ಒಂದು ಕನ್ನಡ ಕಥೆ

ಪುಣೆ ಹತ್ತಿರದ ಚಾಕಣದ ಕಾರ್ಖಾನೆಗಳಲ್ಲಿ ದುಡಿಯೋ ಕನ್ನಡದ ಅಪ್ಪ ಅಮ್ಮಂದಿರೇ, ಮಕ್ಕಳಿಗೆ ಕನ್ನಡ ಕಥೆಪುಸ್ತಕ ಇಲ್ಲೆಲ್ಲಿ ಸಿಗಬೇಕು ಅಂತೀರಾ? ನಿಮ್ಮ ಮೊಬೈಲಲ್ಲೇ ಸಿಗುತ್ತೆ!

ಮಕ್ಕಳ ಪುಸ್ತಕ ಪ್ರಕಟಿಸೋ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಬಣ್ಣಬಣ್ಣದ ಚಿತ್ರ ಇರೋ ಕಥೆಗಳು ಪುಕ್ಕಟೆ. ಕನ್ನಡವೂ ಉಂಟು, ಶಾಲೆಯ ಮರಾಠಿಯೂ ಉಂಟು. ಈಗಷ್ಟೇ ಅಕ್ಷರ ಕಲಿಯೋ ಮಗುವಿಗೆ ಒಂದನೇ ಹಂತದ ಕಥೆ, ಸರಾಗವಾಗಿ ಓದೋರಿಗೆ ನಾಲ್ಕನೇ ಹಂತದ್ದು.

ಕಥೆ ಆರಿಸೋದನ್ನ ಮಗುವಿಗೇ ಬಿಡಿ. ನೀವು ಜೋರಾಗಿ ಓದಿ, ಅದು ಸಾಲಿನ ಮೇಲೆ ಬೆರಳಾಡಿಸಲಿ. ಅದೇ ಕಥೆ ಮತ್ತೆ ಬೇಕು ಅಂದರೆ ಬೇಸರ ಬೇಡ. ಪದಗಳು ನಾಲಿಗೆಗೆ ಹತ್ತೋದೇ ಹಾಗೆ. ಓದಿ ಮುಗಿಸಿದ ಮೇಲೆ ಪರೀಕ್ಷೆ ಮಾಡಬೇಡಿ, ನಗಾಡಿ ಸಾಕು.

ನೈಟ್ ಶಿಫ್ಟ್ ಇದೆಯಾ? ಕಥೆ ಓದಿ, ವಾಟ್ಸಾಪ್‌ನಲ್ಲಿ ನಿಮ್ಮ ದನಿ ಕಳಿಸಿ. ಇವತ್ತೇ ಶುರು ಮಾಡಿ!