ಸೋಫಾದಲ್ಲಿ ಉಳಿದ ಚಿಗಟದ ಪುಡಿ

ಮಕ್ಕಳೇ, ನಾಯಿ ತನ್ನ ಹಿಂಗಾಲಿನಿಂದ ಕಿವಿಯ ಹಿಂದೆ ಪರಪರನೆ ಕೆರೆದುಕೊಳ್ಳುವುದನ್ನು ನೀವು ನೋಡಿದ್ದೀರಿ. ಅದರ ಕೂದಲನ್ನು ಬಿಡಿಸಿ ನೋಡಿದರೆ ಎಳ್ಳುಕಾಳಿನಷ್ಟು ಚಿಕ್ಕದಾದ ಕಂದು ಕೀಟವೊಂದು ಓಡುತ್ತದೆ. ಹಿಡಿಯಲು ಹೋದರೆ ಟಣ್ಣನೆ ಹಾರಿ ಮಾಯವಾಗುತ್ತದೆ. ಇದೇ ಚಿಗಟ.

ಹೆಸರಘಟ್ಟದಂತಹ ಊರುಗಳಲ್ಲಿ ಹಸು, ಕುರಿ, ಕೋಳಿಗಳ ಜೊತೆಗೆ ನಾಯಿ, ಬೆಕ್ಕುಗಳನ್ನೂ ಸಾಕುತ್ತಾರೆ. ಚಿಗಟ ಹೆಚ್ಚಾದಾಗ ಮನೆಯವರು ಅಂಗಡಿಯಿಂದ ಪುಡಿ ತಂದು ನಾಯಿಗೆ ಉದುರಿಸುತ್ತಾರೆ. ಕೆಲವರು ನಾಯಿ ಮಲಗುವ ಸೋಫಾ, ದಿವಾನ, ಕಂಬಳಿಗಳ ಮೇಲೂ ಚೆಲ್ಲುತ್ತಾರೆ. ಚಿಗಟ ಸಾಯುತ್ತದೆ, ಸರಿ. ಆದರೆ ಆ ಪುಡಿ ಎಲ್ಲಿಗೆ ಹೋಯಿತು? ಅದು ಬಟ್ಟೆಯ ಹೊಲಿಗೆಯಲ್ಲಿ, ದಿಂಬಿನ ಸಂದಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಅದನ್ನು ತೆಗೆಯುವುದಕ್ಕೂ ಒಂದು ಕ್ರಮವಿದೆ.

ಚಿಗಟದ ಮನೆ ಯಾವುದು?

ಚಿಗಟ ರಕ್ತ ಹೀರುವುದು ನಾಯಿಯ ಮೈಮೇಲೆ. ಅಲ್ಲಿಯೇ ಮೊಟ್ಟೆಯನ್ನೂ ಇಡುತ್ತದೆ. ಆದರೆ ಮೊಟ್ಟೆಗಳು ಅಂಟಿಕೊಳ್ಳುವುದಿಲ್ಲ. ನಾಯಿ ಮೈ ಕೊಡವಿದಾಗ ಅವು ಹಾಸಿಗೆ, ಸೋಫಾ, ನೆಲದ ಬಿರುಕುಗಳಿಗೆ ಉದುರುತ್ತವೆ. ಮೊಟ್ಟೆಯಿಂದ ಮರಿಹುಳು, ಮರಿಹುಳುವಿನಿಂದ ಕೋಶ, ಕೋಶದಿಂದ ಚಿಗಟ ಬರುತ್ತದೆ. ಕೋಶದೊಳಗಿನ ಚಿಗಟವನ್ನು ಪುಡಿ ಸುಲಭವಾಗಿ ತಲುಪಲಾರದು. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಳಗೇ ಕಾದು ಕುಳಿತಿರಬಲ್ಲದು.

ಆದ್ದರಿಂದಲೇ ಪುಡಿ ಹಾಕಿದ ಕೆಲವು ದಿನಗಳಲ್ಲಿ ಮತ್ತೆ ಚಿಗಟ ಕಾಣಿಸುತ್ತದೆ. ‘ಪುಡಿ ಸಾಲಲಿಲ್ಲ’ ಎಂದುಕೊಂಡು ಇನ್ನಷ್ಟು ಸುರಿಯುವವರಿದ್ದಾರೆ. ಇದು ತಪ್ಪು.

ಹಾಗೆಂದು ಚಿಗಟವನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಸಾವಿರಾರು ಜನ ಸತ್ತರು. ಇಲಿಯ ಮೇಲಿನ ಚಿಗಟ ಈ ರೋಗವನ್ನು ಹರಡುತ್ತದೆ ಎಂಬುದನ್ನು ಅದೇ ವರ್ಷ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ನಾಯಿ, ಬೆಕ್ಕಿನ ಚಿಗಟ ಬೇರೆ ಜಾತಿಯದು. ಆದರೂ ಅದರ ಕಡಿತದಿಂದ ತುರಿಕೆ, ಗಾಯ ಆಗುತ್ತವೆ.

ಪುಡಿಯಲ್ಲಿ ಏನಿದೆ?

ಪುಡಿಯ ಹೆಚ್ಚಿನ ಪಾಲು ಟಾಲ್ಕ್‌ನಂತಹ ನುಣುಪಾದ ಖನಿಜ. ಅದರಲ್ಲಿ ಸ್ವಲ್ಪವೇ ಕೀಟನಾಶಕ ಬೆರೆತಿರುತ್ತದೆ. ಹಲವು ಪುಡಿಗಳಲ್ಲಿ ಇರುವುದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ. ಇದರ ಮೂಲ ಒಂದು ಹೂವು ಎಂದರೆ ಆಶ್ಚರ್ಯವಾಗಬಹುದು! ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸೇವಂತಿಗೆಯ ಹಲವು ತಳಿಗಳನ್ನು ಬೆಳೆಸಿದ್ದಾರೆ. ಆ ಸೇವಂತಿಗೆಯ ಹತ್ತಿರದ ನೆಂಟ ಪೈರೆಥ್ರಮ್ ಎಂಬ ಬಿಳಿ ಹೂವು. ಅದರಲ್ಲಿರುವ ವಿಷ ಕೀಟದ ನರಗಳನ್ನು ಕೆಡಿಸುತ್ತದೆ. ಕೀಟ ನಡುಗಿ ಸಾಯುತ್ತದೆ.

ಹೂವಿನ ವಿಷ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ. ಹೆಚ್ಚು ದಿನ ಉಳಿಯಲೆಂದು ವಿಜ್ಞಾನಿಗಳು ಅದೇ ಮಾದರಿಯಲ್ಲಿ ಕೃತಕ ರಾಸಾಯನಿಕಗಳನ್ನು ತಯಾರಿಸಿದರು. ಬಿಸಿಲೇ ಬೀಳದ ಸೋಫಾದ ಸಂದಿನಲ್ಲಿ ಇವು ಬಹಳ ದಿನ ಉಳಿಯುತ್ತವೆ.

ಯಾರಿಗೆ ಹೆಚ್ಚು ಅಪಾಯ?

ಒಂದು ಲೆಕ್ಕ ಮಾಡೋಣ. ನಿಮ್ಮ ತಂದೆಯ ತೂಕ 56 ಕಿಲೋ, ಅಂಬೆಗಾಲಿಡುವ ತಂಗಿಯ ತೂಕ 8 ಕಿಲೋ ಎಂದುಕೊಳ್ಳಿ. ಇಬ್ಬರ ಮೈಗೂ ಒಂದೇ ಅಳತೆಯ ಪುಡಿ ಸೇರಿದರೆ, ಪ್ರತಿ ಕಿಲೋ ತೂಕಕ್ಕೆ ತಂಗಿಗೆ ಸಿಗುವುದು 7 ಪಟ್ಟು ಹೆಚ್ಚು. ಜೊತೆಗೆ ಅವಳು ಸೋಫಾವನ್ನು ಹಿಡಿದು ನಿಲ್ಲುತ್ತಾಳೆ, ಅದೇ ಕೈಯನ್ನು ಬಾಯಿಗೆ ಇಡುತ್ತಾಳೆ.

ಬೆಕ್ಕಿಗೂ ಅಪಾಯ ಹೆಚ್ಚು. ಪರ್ಮೆಥ್ರಿನ್ ಎಂಬ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಬೇಗ ಒಡೆಯಲಾರದು. ಮೈಗೆ ಅಂಟಿದ ಪುಡಿಯನ್ನು ಅದು ನೆಕ್ಕಿ ನುಂಗುತ್ತದೆ ಬೇರೆ. ಆದ್ದರಿಂದ ನಾಯಿಯ ಪುಡಿಯನ್ನು ಬೆಕ್ಕಿಗೆ ಹಾಕಲೇಬಾರದು. ಹೊಲಕ್ಕೆ ತಂದ ಕೀಟನಾಶಕವನ್ನಂತೂ ಯಾವ ಸಾಕುಪ್ರಾಣಿಗೂ, ಮನೆಯೊಳಗೂ ಬಳಸಬಾರದು.

ಪುಡಿ ತೆಗೆಯುವುದು ಹೇಗೆ?

ಇದು ದೊಡ್ಡವರ ಕೆಲಸ. ನೀವು ಮನೆಯಲ್ಲಿ ಈ ಕ್ರಮವನ್ನು ಓದಿ ಹೇಳಿ.

1. ಮಕ್ಕಳು, ಸಾಕುಪ್ರಾಣಿಗಳು ಹೊರಗಿರಬೇಕು. ಕಿಟಕಿ ತೆರೆದಿರಬೇಕು. ಫ್ಯಾನ್ ಹಾಕಬಾರದು.

2. ಕೈಗೆ ರಬ್ಬರ್ ಗವಸು, ಮೂಗು ಬಾಯಿಗೆ ಮಾಸ್ಕ್ ಧರಿಸಬೇಕು.

3. ದಿಂಬನ್ನು ಬಡಿಯಬಾರದು, ಕೊಡವಬಾರದು. ಒಣ ಪೊರಕೆಯಿಂದ ಗುಡಿಸಬಾರದು. ನುಣುಪಾದ ಪುಡಿ ಗಾಳಿಗೇರಿದರೆ ಬಹಳ ಹೊತ್ತು ತೇಲಾಡಿ ಮೂಗು, ಕಣ್ಣು ಸೇರುತ್ತದೆ.

4. ನೀರನ್ನೂ ಸುರಿಯಬಾರದು. ಪುಡಿ ನೀರಿನೊಡನೆ ಸೇರಿ ಸ್ಪಂಜಿನ ಆಳಕ್ಕೆ ಇಳಿಯುತ್ತದೆ. ಆಮೇಲೆ ತೆಗೆಯುವುದು ಕಷ್ಟ.

5. ಹಳೆಯ ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಬೇಕು. ಅಂಚಿನಿಂದ ಒಳಕ್ಕೆ, ಒಂದೇ ದಿಕ್ಕಿನಲ್ಲಿ ಒರೆಸಬೇಕು. ಒರೆಸಿದ ಭಾಗವನ್ನು ಒಳಗೆ ಮಡಚಿ ಹೊಸ ಭಾಗದಿಂದ ಮತ್ತೆ ಒರೆಸಬೇಕು. ಹೊಲಿಗೆಯ ಸಂದುಗಳನ್ನು ಮರೆಯಬಾರದು.

6. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದಕ್ಕೆ ‘ಹೆಪಾ’ ಎಂಬ ಸೂಕ್ಷ್ಮ ಶೋಧಕ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಪುಡಿ ಯಂತ್ರದ ಹಿಂದಿನಿಂದ ಮತ್ತೆ ಕೋಣೆಗೆ ಬರುತ್ತದೆ.

7. ಕೊನೆಗೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ದಿಂಬಿನ ಚೀಲಗಳನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ ಒಗೆದು ಬಿಸಿಲಿಗೆ ಹರವಬೇಕು. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಚ್ಚಿ ಕೈ ತೊಳೆಯಬೇಕು.

ಒರೆಸಿದ ಹಳೆಯ ಬಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಬೇಕು, ಸುಡಬಾರದು. ತೊಳೆದ ನೀರನ್ನು ಶೌಚಾಲಯಕ್ಕೆ ಸುರಿಯಬೇಕು. ಕೆರೆ, ಬಾವಿ, ಕಾಲುವೆಗಳಿಗೆ ಬಿಡಲೇಬಾರದು. ಪೈರೆಥ್ರಾಯ್ಡ್ ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಮೀನಿಗೆ ವಿಷ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆ ಒಂದು ಕಾಲದಲ್ಲಿ ಬೆಂಗಳೂರಿಗೇ ಕುಡಿಯುವ ನೀರು ಕೊಟ್ಟಿತ್ತು ಎಂಬುದನ್ನು ನೆನಪಿಡಿ.

ಪುಡಿ ತಗುಲಿದರೆ ಏನು ಮಾಡಬೇಕು?

ಚರ್ಮಕ್ಕೆ ತಗುಲಿದರೆ ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. 15 ನಿಮಿಷ ಶುದ್ಧ ನೀರು ಹಾಯಿಸಿ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಪುಡಿಯ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ಮಾತ್ರ ವೈದ್ಯರು ಸರಿಯಾದ ಚಿಕಿತ್ಸೆ ಕೊಡಬಲ್ಲರು. ಆದ್ದರಿಂದ ಪುಡಿಯನ್ನು ಬೇರೆ ಡಬ್ಬಿಗೆ ತುಂಬಿಡಬಾರದು. ಅಡುಗೆಮನೆಯ ಡಬ್ಬಿಗಂತೂ ಬೇಡವೇ ಬೇಡ!

ನಮ್ಮ ದೇಶದಲ್ಲಿ ಕೀಟನಾಶಕದ ಪೊಟ್ಟಣದ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಎಂದರೆ ಅತ್ಯಂತ ಘೋರ ವಿಷ. ನಂತರ ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ! ಪಶು ಔಷಧಿಯಾಗಿ ಮಾರುವ ಪುಡಿಗೆ ಈ ಗುರುತು ಇಲ್ಲದಿರಬಹುದು. ಆಗ ಸೂಚನೆಗಳನ್ನು ಪೂರ್ತಿ ಓದಿ, ಪಶುವೈದ್ಯರನ್ನು ಕೇಳಿ ಬಳಸಬೇಕು.

ಮಾಡಿ ನೋಡಿ

ನಿಜವಾದ ಚಿಗಟದ ಪುಡಿಯನ್ನು ಮುಟ್ಟಬೇಡಿ. ಅದರ ಬದಲು ಅಕ್ಕಿ ಹಿಟ್ಟು ಬಳಸಿ. ಕಪ್ಪು ಬಟ್ಟೆಯ ಮೂರು ತುಂಡುಗಳ ಮೇಲೆ ಒಂದೊಂದು ಚಿಟಿಕೆ ಹಿಟ್ಟು ಉದುರಿಸಿ. ಕಿಟಕಿಯಿಂದ ಬಿಸಿಲು ಕೋಲು ಬೀಳುವಲ್ಲಿ ಮೊದಲನೆಯದನ್ನು ಕೊಡವಿ. ಎರಡನೆಯದಕ್ಕೆ ನೀರು ಸುರಿದು ಉಜ್ಜಿ. ಮೂರನೆಯದನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಹಿಟ್ಟು ಎಲ್ಲೆಲ್ಲಿಗೆ ಹೋಯಿತು? ಯಾವ ತುಂಡು ಹೆಚ್ಚು ಶುಭ್ರವಾಯಿತು? ನೋಡಿದ್ದನ್ನು ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.