ಅಂಗಳದ ಹಾಸುಗಲ್ಲು: ಗುತ್ತಿಗೆ ಕೊಡುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಮಳೆಗಾಲ ಕಳೆದು ಆಕಾಶ ತಿಳಿಯಾಗುತ್ತಲೇ ಪುಣೆಯ ವಸತಿ ಸಂಘಗಳಲ್ಲಿ ಸಭೆಗಳು ಆರಂಭವಾಗುತ್ತವೆ. ಗೇಟಿನ ಬಳಿ ನೀರು ನಿಲ್ಲುತ್ತದೆ, ಮೋಟಾರು ನಿಲ್ಲುವಲ್ಲಿ ಕಲ್ಲುಗಳು ತಗ್ಗಾಗಿವೆ, ಮುಂಜಾನೆ ಹಾಲು ತರಲು ಹೊರಟ ವೃದ್ಧರು ಎಡವಿ ಬಿದ್ದರು ಎಂಬ ದೂರುಗಳು ಒಂದರ ಹಿಂದೊಂದು ಬರುತ್ತವೆ. ಕಾರ್ಯದರ್ಶಿಗಳು ಮೂವರು ಗುತ್ತಿಗೆದಾರರನ್ನು ಕರೆಸುತ್ತಾರೆ. ಕಡಮೆ ದರ ಹೇಳಿದವನಿಗೆ ಕೆಲಸ ಸಲ್ಲುತ್ತದೆ. ಮುಂದಿನ ಆಷಾಢದ ವೇಳೆಗೆ ಅದೇ ಸ್ಥಳದಲ್ಲಿ ಅದೇ ಕುಳಿ ಬೀಳುತ್ತದೆ. ಸ್ವಂತ ಬಂಗಲೆಯುಳ್ಳವರ ಪಾಡೂ ಇದಕ್ಕಿಂತ ಬೇರೆಯಲ್ಲ. ದುಡಿದು ಕೂಡಿಸಿದ ಹಣ ನೆಲದ ಪಾಲಾಗುವುದು ಒಂದು ನಷ್ಟ; ಎಪ್ಪತ್ತರ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿಯುವುದು ಯಾವ ಹಣದಿಂದಲೂ ತುಂಬದ ನಷ್ಟ. ಆದುದರಿಂದ ಈ ವಿಷಯವನ್ನು ವಾಚಕ ಬಾಂಧವರ ಮುಂದೆ ಸ್ವಲ್ಪ ವಿಶದವಾಗಿ ಇಡಬೇಕೆಂದು ನಮಗೆ ತೋರಿತು.

ಈ ಊರಿನ ಹಳೆಯ ವಾಡೆಗಳ ಅಂಗಳಗಳನ್ನೂ ಚಾಳುಗಳ ಪಡಸಾಲೆಗಳನ್ನೂ ನೋಡಿದವರಿಗೆ ಶಹಾಬಾದಿ ಫರಸಿಯ ಪರಿಚಯ ಇದ್ದೇ ಇದೆ. ಆ ಕಲ್ಲು ನಮ್ಮ ಕಲಬುರ್ಗಿ ಜಿಲ್ಲೆಯದು. ಭೀಮಾ ತೀರದ ಸೀಮೆಯಲ್ಲಿ ಪದರ ಪದರವಾಗಿ ಏಳುವ ಸುಣ್ಣಕಲ್ಲು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರ್ಗಿಗಳ ಮೇಲೆ ಹಾಯುವ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿತು. ಶಹಾಬಾದವು ಅದೇ ಮಾರ್ಗದ ನಿಲ್ದಾಣ. ಕನ್ನಡಿಗರು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದ ದಾರಿಗಳಲ್ಲಿ ಕಲ್ಲು ಬಂದ ದಾರಿಯೂ ಒಂದು. ಈಗ ಬಹುತೇಕ ಅಂಗಳಗಳಲ್ಲಿ ಅದರ ಸ್ಥಾನವನ್ನು ಸಿಮೆಂಟಿನ ಪೇವರ್ ಬ್ಲಾಕುಗಳು ಆಕ್ರಮಿಸಿವೆ. ಇವನ್ನು ಸಿಮೆಂಟು ಗಾರೆಯಿಲ್ಲದೆ ಮರಳಿನ ಮೇಲೆ ಜೋಡಿಸುತ್ತಾರೆ; ಬೇಕೆಂದಾಗ ಕಿತ್ತು ಮತ್ತೆ ಕೂಡಿಸಬಹುದು. ಇದು ಇವುಗಳ ಗುಣ. ಈ ಗುಣವೇ ಕಳಪೆ ಕೆಲಸಕ್ಕೆ ಮುಸುಕೂ ಆಗುತ್ತದೆ. ಏಕೆಂದರೆ ಮೇಲಿನ ಹಾಸು ಅಂದವಾಗಿ ಕಂಡರೆ ಅಡಿಯಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ.

ಹಾಸುಗಲ್ಲು ಕೆಡುವುದು ಸಾಮಾನ್ಯವಾಗಿ ಕಲ್ಲಿನ ದೋಷದಿಂದಲ್ಲ, ಅಡಿಪಾಯದ ದೋಷದಿಂದ. ಪುಣೆಯ ನೆಲದಲ್ಲಿ ಕೆಲವೆಡೆ ಕರಿಯ ಬಂಡೆ ಮೇಲೆಯೇ ಸಿಕ್ಕುತ್ತದೆ. ಕೆಲವೆಡೆ ಎರೆಮಣ್ಣು ಆಳವಾಗಿದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಮರಳು ಸುರಿದು ಕಲ್ಲು ಹಾಸಿದರೆ ಎರಡು ಮಳೆಗಾಲ ಬಾಳುವುದೂ ಕಷ್ಟ. ಅಂಥ ಮಣ್ಣನ್ನು ತಕ್ಕಷ್ಟು ಆಳಕ್ಕೆ ತೆಗೆದುಹಾಕಿ, ಮುರುಮನ್ನೂ ಜಲ್ಲಿಯನ್ನೂ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರಿನಿಂದ ಒತ್ತಬೇಕು. ಒಮ್ಮೆಗೇ ಒಂದಡಿ ತುಂಬಿ ಮೇಲೆ ಮೇಲೆ ಗುದ್ದಿದರೆ ಕೆಳಗಿನ ಅರ್ಧವು ಸಡಿಲವಾಗಿಯೇ ಉಳಿಯುತ್ತದೆ. ಕಲ್ಲಿನ ಅಡಿಯ ಮರಳಿನ ಹಾಸು 20ರಿಂದ 40 ಮಿಲಿಮೀಟರಿನ ಒಳಗಿರಬೇಕು. ಅಡಿಪಾಯದ ಏರುತಗ್ಗುಗಳನ್ನು ದಪ್ಪ ಮರಳಿನಿಂದ ಮುಚ್ಚುವ ಗುತ್ತಿಗೆದಾರನು ಕುಳಿಯನ್ನು ಮುಚ್ಚುತ್ತಿಲ್ಲ, ಅದನ್ನು ಮುಂದೂಡುತ್ತಿದ್ದಾನೆ.

ಇನ್ನು ಕಲ್ಲಿನ ವಿಚಾರ. ಇದಕ್ಕೆ ಭಾರತೀಯ ಮಾನಕವುಂಟು. ಅದರ ಸಂಖ್ಯೆ 15658. ಇದು 2006ರಲ್ಲಿ ಪ್ರಕಟವಾಗಿ 2021ರಲ್ಲಿ ಪರಿಷ್ಕೃತವಾಯಿತು. 2006ರ ಮಾನಕದ ಪ್ರಕಾರ ಜನರು ಮಾತ್ರ ನಡೆಯುವ ದಾರಿಗೆ 50 ಮಿಲಿಮೀಟರು ದಪ್ಪದ ಎಂ-30 ದರ್ಜೆಯ ಕಲ್ಲು ಸಾಕು. ಕಾರುಗಳು ಓಡಾಡುವ ಅಂಗಳಕ್ಕೆ 60 ಮಿಲಿಮೀಟರಿನ ಎಂ-35. ಇನ್ನೂ ಹೆಚ್ಚಿನ ಸಂಚಾರಕ್ಕೆ 80 ಮಿಲಿಮೀಟರಿನ ಎಂ-40. ನೀರಿನ ಟ್ಯಾಂಕರು ಒಳಗೆ ಬರುವ ಸಂಘಗಳು, ಪುಣೆಯಲ್ಲಿ ಅಂಥವು ಬಹಳ, ಟ್ಯಾಂಕರಿನ ದಾರಿಗೆ 80 ಮಿಲಿಮೀಟರಿಗಿಂತ ಕಡಮೆ ದಪ್ಪವನ್ನು ಒಪ್ಪಬಾರದು.

ಕಲ್ಲು ಹೀರುವ ನೀರು ಸರಾಸರಿಯಲ್ಲಿ ತೂಕದ ಶೇಕಡಾ 6ನ್ನು ಮೀರಕೂಡದೆಂದೂ ಅದೇ ಮಾನಕ ವಿಧಿಸಿದೆ. ಪ್ರಯೋಗಶಾಲೆಯ ವರದಿಯನ್ನು ಕೇಳಿ ಪಡೆಯುವುದು ಉತ್ತಮ. ಅದರೊಡನೆ ಮನೆಯಲ್ಲಿಯೇ ಒಂದು ಸ್ಥೂಲ ಪರೀಕ್ಷೆ ಸಾಧ್ಯ. 20 ಸೆಂಟಿಮೀಟರು ಉದ್ದ, 10 ಅಗಲ, 6 ದಪ್ಪದ ಕಲ್ಲು ಸುಮಾರು ಎರಡೂಮುಕ್ಕಾಲು ಕಿಲೋ ತೂಗುತ್ತದೆ. ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, ಒಂದು ದಿನ ನೀರಿನಲ್ಲಿಟ್ಟು, ಮೈ ಒರೆಸಿ ಮತ್ತೆ ತೂಗಬೇಕು. ತೂಕವು 165 ಗ್ರಾಮಿಗಿಂತ ಬಹಳ ಹೆಚ್ಚಿದರೆ ಆ ಸರಕಿನ ಬಗ್ಗೆ ಸಂಶಯಪಡತಕ್ಕದ್ದು. ಹೋಟೆಲು ನಡೆಸಿದ ನಮಗೆ ಅಕ್ಕಿಯ ಚೀಲವನ್ನು ತೂಗದೆ ಉಗ್ರಾಣಕ್ಕೆ ಸೇರಿಸುವ ಪದ್ಧತಿ ತಿಳಿಯದು. ಲಕ್ಷಗಟ್ಟಲೆ ಬೆಲೆಯ ಕಲ್ಲನ್ನು ಲಾರಿಯಿಂದ ಹಾಗೆಯೇ ಇಳಿಸಿಕೊಳ್ಳುವುದೇಕೆ? ಕಲ್ಲು ತಯಾರಾದ ದಿನಾಂಕವನ್ನೂ ಕೇಳಬೇಕು. ಕಾಂಕ್ರೀಟಿನ ಬಲವನ್ನು 28 ದಿನಗಳಿಗೆ ಅಳೆಯುವುದು ವಾಡಿಕೆ. ವಾರದ ಹಸಿ ಕಲ್ಲು ಟ್ಯಾಂಕರಿನ ಭಾರಕ್ಕೆ ಸಿದ್ಧವಾಗಿರುವುದಿಲ್ಲ.

ಹಾಸುವ ಕ್ರಮದಲ್ಲಿ ನಾಲ್ಕು ಸಂಗತಿಗಳನ್ನು ಕಣ್ಣಾರೆ ನೋಡತಕ್ಕದ್ದು. ಮೊದಲನೆಯದು ಅಂಚು: ಸುತ್ತಲೂ ಕಾಂಕ್ರೀಟಿನಲ್ಲಿ ಭದ್ರವಾಗಿ ಕೂರಿಸಿದ ಅಂಚುಕಲ್ಲು ಇಲ್ಲದಿದ್ದರೆ ಇಡೀ ಹಾಸು ಹೊರಕ್ಕೆ ಸರಿದು ಸಂದುಗಳು ಬಾಯ್ದೆರೆಯುತ್ತವೆ. ಎರಡನೆಯದು ಜೋಡಣೆ: ವಾಹನಗಳು ತಿರುಗುವಲ್ಲಿ ಕಲ್ಲುಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆಯಬೇಕು, ನೇರ ಸಾಲುಗಳು ಚಕ್ರದ ತಳ್ಳಿಕೆಗೆ ಜರುಗುತ್ತವೆ. ಮೂರನೆಯದು ಸಂದು: 2ರಿಂದ 4 ಮಿಲಿಮೀಟರಿನ ಸಂದಿಗೆ ಒಣಗಿದ ನಯವಾದ ಮರಳನ್ನು ಗುಡಿಸಿ ತುಂಬಿ, ಕಂಪನಯಂತ್ರವನ್ನು ಆಡಿಸಿ, ಮತ್ತೆ ತುಂಬಬೇಕು. ಒಂದು ಕಲ್ಲಿನ ಭಾರವನ್ನು ನೆರೆಯ ಕಲ್ಲಿಗೆ ಹಂಚುವುದು ಈ ಮರಳೇ. ನಾಲ್ಕನೆಯದು ಇಳಿಜಾರು: ಮೀಟರಿಗೆ ಸುಮಾರು 2 ಸೆಂಟಿಮೀಟರಿನಂತೆ ನೀರು ಮನೆಯಿಂದ ಹೊರಕ್ಕೆ, ಮೋರಿಯ ಕಡೆಗೆ ಹರಿಯಬೇಕು. ಹಳೆಯ ಹಾಸಿನ ಮೇಲೆಯೇ ಹೊಸದನ್ನು ಹೇರುವ ಸಲಹೆಗೆ ಕಿವಿಗೊಡಬಾರದು. ಹಾಗೆ ಅಂಗಳವು ಏರುತ್ತ ಹೋಗಿ ಹೊಸಿಲು ತಗ್ಗಾದಾಗ ಮಳೆಯ ನೀರಿಗೆ ಮನೆಯೇ ಮೋರಿಯಾಗುತ್ತದೆ.

ಗುತ್ತಿಗೆದಾರನ ಆಯ್ಕೆಯಲ್ಲಿ ದರಕ್ಕಿಂತ ಮೊದಲು ನೋಡಬೇಕಾದುದು ಅವನ ಹಳೆಯ ಕೆಲಸ. ಕಳೆದ ತಿಂಗಳು ಮುಗಿಸಿದ್ದನ್ನಲ್ಲ, ಎರಡು ಮಳೆಗಾಲ ಕಂಡದ್ದನ್ನು ತೋರಿಸೆಂದು ಕೇಳಿರಿ. ಅಲ್ಲಿಯ ನಿವಾಸಿಗಳೊಡನೆ ಮಾತನಾಡಿರಿ. ದರಪತ್ರಗಳನ್ನು ತರಿಸುವ ಮುನ್ನ ಕೆಲಸದ ವಿವರವನ್ನು ಸಂಘವೇ ಬರೆದು ಎಲ್ಲರಿಗೂ ಒಂದೇ ಪ್ರತಿಯನ್ನು ಕೊಡಬೇಕು: ಅಗೆಯುವ ಆಳ, ಅಡಿಪಾಯದ ದಪ್ಪ, ಕಲ್ಲಿನ ದರ್ಜೆ, ಅಂಚುಕಲ್ಲು, ಚೇಂಬರಿನ ಮುಚ್ಚಳಗಳನ್ನು ಮಟ್ಟಕ್ಕೆ ತರುವುದು, ಹಳೆಯ ಅವಶೇಷವನ್ನು ಸಾಗಿಸುವುದು. ಇಲ್ಲದಿದ್ದರೆ ಮೂರು ದರಗಳು ಮೂರು ಬೇರೆ ಬೇರೆ ಕೆಲಸಗಳ ದರಗಳಾಗುತ್ತವೆ. ಇಲ್ಲಿಯ ಗುತ್ತಿಗೆದಾರರು ‘ಬ್ರಾಸ್’ ಲೆಕ್ಕದಲ್ಲಿ ಮಾತನಾಡುತ್ತಾರೆ. ನೆಲದ ಅಳತೆಯಲ್ಲಿ ಬ್ರಾಸ್ ಎಂದರೆ 100 ಚದರಡಿ. ಮರಳು ಜಲ್ಲಿಗಳಲ್ಲಿ 100 ಘನ ಅಡಿ. ಈ ಭೇದವನ್ನು ಕಾಗದದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಮರಾಠಿಯ ಕರಾರುಪತ್ರವು ತಿಳಿಯದಿದ್ದರೆ ಬಲ್ಲವರಿಂದ ಓದಿಸಿಕೊಂಡ ಬಳಿಕವೇ ಸಹಿ ಹಾಕತಕ್ಕದ್ದು; ಇದರಲ್ಲಿ ನಾಚಿಕೆಯೇನೂ ಇಲ್ಲ.

ಹಣವನ್ನು ಕೆಲಸದ ಹಂತಗಳಿಗೆ ಕಟ್ಟಿಡಬೇಕು. ಅಲ್ಪ ಮುಂಗಡ, ಅಡಿಪಾಯವನ್ನು ನೋಡಿ ಒಪ್ಪಿದ ಮೇಲೆ ಒಂದು ಕಂತು, ಹಾಸು ಮುಗಿದ ಮೇಲೆ ಇನ್ನೊಂದು, ನೂರಕ್ಕೆ ಹತ್ತರಷ್ಟನ್ನು ಒಂದು ಮಳೆಗಾಲ ಕಳೆಯುವ ತನಕ ಉಳಿಸಿಕೊಳ್ಳುವುದು. ಈ ಷರತ್ತನ್ನು ಮೊದಲೇ ಬರೆದಿದ್ದರೆ ಪ್ರಾಮಾಣಿಕನು ಅಂಜುವುದಿಲ್ಲ. ಅಡಿಪಾಯದ ಪ್ರತಿ ಪದರದ ಛಾಯಾಚಿತ್ರವನ್ನು ದಿನಾಂಕಸಹಿತ ತೆಗೆದಿಡಬೇಕು. ಬಿಲ್ಲು ರಸೀದಿಗಳನ್ನು ಕಾಪಾಡಬೇಕು. ಮಾತಿಗೆ ತಪ್ಪಿದಲ್ಲಿ 2019ರ ಗ್ರಾಹಕ ಸಂರಕ್ಷಣ ಕಾನೂನಿನಂತೆ ಗ್ರಾಹಕನು ಎರಡು ವರ್ಷಗಳೊಳಗೆ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ನಡೆಯುವುದು ಕಾಗದ, ಬರಿಯ ಮಾತಲ್ಲ.

ಎಲ್ಲ ಕುಳಿಗೂ ಹೊಸ ಹಾಸು ಬೇಕಿಲ್ಲ. ಒಂದು ಮೂಲೆ ಮಾತ್ರ ತಗ್ಗಾಗಿದ್ದರೆ, ತಗ್ಗಿನ ಸುತ್ತ ಒಂದೆರಡು ಅಡಿ ಹೆಚ್ಚಾಗಿ ಕಲ್ಲು ಎತ್ತಿ, ಅಡಿಯಲ್ಲಿ ಸೋರುವ ಕೊಳವೆಯಿದೆಯೇ ಎಂದು ಮೊದಲು ನೋಡಿ, ಅಡಿಪಾಯವನ್ನು ಸರಿಪಡಿಸಿ ಅವೇ ಕಲ್ಲುಗಳನ್ನು ಮರಳಿ ಕೂಡಿಸಬಹುದು. ನೀರು, ಅನಿಲ, ತಂತಿಗಳಿಗಾಗಿ ಅಗೆದವರು ಸಡಿಲ ಮಣ್ಣಿನ ಮೇಲೆ ಕಲ್ಲು ಮುಚ್ಚಿ ಹೋಗದಂತೆ, ಅಗೆಯಲು ಅನುಮತಿ ಕೊಡುವಾಗಲೇ ಷರತ್ತು ಹಾಕುವುದು ಲೇಸು. ಅದೇ ಬಣ್ಣದ ಐವತ್ತು ನೂರು ಕಲ್ಲುಗಳನ್ನು ಸಂಘವು ತನ್ನಲ್ಲಿಯೇ ಇಟ್ಟುಕೊಂಡಿದ್ದರೆ ಮುಂದೆ ಅಂಗಳವು ತೇಪೆಯ ಅಂಗಿಯಂತೆ ಕಾಣುವುದು ತಪ್ಪುತ್ತದೆ.

ಕಡೆಯದಾಗಿ ಒಂದು ಮಾತು. ಬಿಸಿಲಿನಲ್ಲಿ ಮೊಣಕಾಲೂರಿ ಕಲ್ಲು ಹಾಸುವ ಕೂಲಿಗಳಲ್ಲಿ ಯಾದಗಿರಿ, ಕಲಬುರ್ಗಿ, ವಿಜಯಪುರಗಳಿಂದ ಬಂದ ನಮ್ಮವರೂ ಇದ್ದಾರೆ. ಗುತ್ತಿಗೆದಾರನ ದರವನ್ನು ನಾವು ಅತಿಯಾಗಿ ಕೆಳಗಿಳಿಸಿದರೆ ಅವನು ಉಳಿತಾಯ ಮಾಡುವುದು ಎರಡೇ ಕಡೆ: ಕಣ್ಣಿಗೆ ಕಾಣದ ಅಡಿಪಾಯದಲ್ಲಿ, ಬಾಯಿಲ್ಲದ ಕೂಲಿಯವನ ಪಗಾರದಲ್ಲಿ. ಕೂಲಿಯನ್ನು ಆಯಾ ವಾರವೇ ಸಲ್ಲಿಸಬೇಕೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿರಿ. ಕುಡಿಯುವ ನೀರು, ನೆರಳುಗಳನ್ನು ಒದಗಿಸಿರಿ. ಕನ್ನಡದಲ್ಲಿ ನಾಲ್ಕು ಮಾತು ಆಡಿರಿ. ಅಡಿಯಲ್ಲಿ ನಿಜವಾಗಿ ಏನು ತುಂಬಿದ್ದಾರೆಂಬುದನ್ನು ನಿಮಗೆ ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಬೇರೊಬ್ಬರಿಲ್ಲ.