ಲಿಯಾಂಡರ್: ಗೆದ್ದವರಿಗೆ ಬಾಗಿಲು ತೆರೆಯುವ ಕ್ಲಬ್

ಇಂಗ್ಲೆಂಡಿನ ಥೇಮ್ಸ್ ನದಿ ದಂಡೆಯ ಹೆನ್ಲಿ ಎಂಬ ಊರಿನಲ್ಲಿ, ಸೇತುವೆಯ ಪಕ್ಕದಲ್ಲೇ ಲಿಯಾಂಡರ್ ಎಂಬ ದೋಣಿ ಸ್ಪರ್ಧಿಗಳ ಕ್ಲಬ್ ಇದೆ. ಸುಮಾರು 1818ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1897ರಿಂದ ಇಲ್ಲಿನ ಸ್ವಂತ ಕಟ್ಟಡದಲ್ಲಿ ನೆಲೆಸಿದೆ. ಅದರ ಗುರುತು ಗಾಢ ಗುಲಾಬಿ ಬಣ್ಣ, ಲಾಂಛನ ನೀರಾನೆ. ದುಡ್ಡಿದ್ದ ಮಾತ್ರಕ್ಕೆ ಇಲ್ಲಿ ಪೂರ್ಣ ಸದಸ್ಯತ್ವ ಸಿಗುವುದಿಲ್ಲ. ಹುಟ್ಟು ಹಾಕಿ ಸಾಧಿಸಿ ತೋರಿಸಿರಬೇಕು. ಅಷ್ಟು ನ್ಯಾಯವಂತ ಕ್ಲಬ್ಬು 1990ರ ದಶಕದ ಕೊನೆಯವರೆಗೂ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ ಎಂಬುದು ಬೇರೆ ಮಾತು.

1906 ಮತ್ತು 1907ರಲ್ಲಿ ಹೆನ್ಲಿಯ ದೋಣಿ ಪಂದ್ಯಾವಳಿಯಾದ ರೆಗಾಟಾದ ಗ್ರ್ಯಾಂಡ್ ಚಾಲೆಂಜ್ ಕಪ್ ಬೆಲ್ಜಿಯಂ ಪಾಲಾಯಿತು. ಇಂಗ್ಲಿಷರಿಗೆ ಮೈ ಉರಿಯಿತು. 1908ರ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗಳು ಹೆನ್ಲಿಯಲ್ಲೇ ನಡೆದಾಗ ಲಿಯಾಂಡರ್ ಹಳೆಯ ಹುಲಿಗಳನ್ನು ಒಟ್ಟುಗೂಡಿಸಿತು. ಅವರಲ್ಲೊಬ್ಬ ಗೈ ನಿಕಾಲ್ಸ್, ವಯಸ್ಸು 41. ಫೈನಲ್‌ನಲ್ಲಿ ಬೆಲ್ಜಿಯಂ ಸೋತಿತು. ಮುಂದೆ ಸ್ಟೀವ್ ರೆಡ್‌ಗ್ರೇವ್ 1984ರಿಂದ 2000ದವರೆಗೆ ಸತತ ಐದು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಅವರೂ ಈ ಕ್ಲಬ್ಬಿನವರೇ. ಒಲಿಂಪಿಕ್ಸ್‌ಗೆ ಆಳು ತಯಾರು ಮಾಡುವುದೇ ಇಂದಿಗೂ ಅದರ ಮುಖ್ಯ ಕಸುಬು.

ಹಾಗಾದರೆ ಅಲ್ಲಿ ಕಲಿಸುವುದಾದರೂ ಏನು? ತೋಳ್ಬಲವಲ್ಲ. ಎಂಟು ಜನರ ದೋಣಿಯಲ್ಲಿ ಕೂರುವ ಮಣೆಗೆ ಗಾಲಿಗಳಿರುತ್ತವೆ, ಪಾದಗಳು ಮಾತ್ರ ದೋಣಿಯ ಪಾದಪಟ್ಟಿಗೆ ಬಿಗಿದ ಶೂಗಳೊಳಗೆ. ಹುಟ್ಟು ನೀರಿಗೆ ಬಿದ್ದ ಕೂಡಲೇ ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು, ಕೊನೆಗೆ ಕೈ. ಬಲದ ದೊಡ್ಡ ಪಾಲು ತೊಡೆಗಳದ್ದು. ಮಣೆ ಮತ್ತೆ ಪಾದಗಳ ಕಡೆ ಸರಿಯುವಾಗಲೇ ನಿಜವಾದ ಕಸರತ್ತು. ಆಗ ಆತುರಪಟ್ಟರೆ ಎಂಟು ದೇಹಗಳ ಭಾರ ಒಮ್ಮೆಗೇ ಪಾದಪಟ್ಟಿಗೆ ಅಪ್ಪಳಿಸಿ, ಜಾರುತ್ತಿದ್ದ ದೋಣಿಗೆ ಬ್ರೇಕ್ ಹಾಕಿದಂತಾಗುತ್ತದೆ. ಅದಕ್ಕೇ ನೀರಿಂದ ಹುಟ್ಟನ್ನೆತ್ತಿ, ಅಲಗನ್ನು ಮಲಗಿಸಿ, ಎಲ್ಲರೂ ನಿಧಾನವಾಗಿ ಒಂದೇ ತಾಳದಲ್ಲಿ ಸರಿಯುವುದನ್ನು ದಿನಾ ಬೆಳಿಗ್ಗೆ ತಿದ್ದುತ್ತಾರೆ. ಹುಟ್ಟು ಹಾಕುವವರು ಗುರಿಗೆ ಬೆನ್ನು ಹಾಕಿ ಕೂತಿರುತ್ತಾರೆ. ದಾರಿ ಕಾಣುವುದು ಚುಕ್ಕಾಣಿ ಹಿಡಿದ ಕಾಕ್ಸ್‌ಗೆ ಮಾತ್ರ. ಆಕೆಯೋ ಆತನೋ ಕೂಗಿದ್ದೇ ಕಾನೂನು.

ಹೆನ್ಲಿ ರೆಗಾಟಾದಲ್ಲಿ ಸುಮಾರು 2.1 ಕಿಲೋಮೀಟರ್ ದೂರಕ್ಕೆ ಎರಡೆರಡೇ ದೋಣಿಗಳನ್ನು ಬಿಡುತ್ತಾರೆ, ಸೋತವರು ಮನೆಗೆ. ಒಲಿಂಪಿಕ್ಸ್‌ನಲ್ಲಿ ಸಾಮಾನ್ಯವಾಗಿ 2,000 ಮೀಟರ್, ಫೈನಲ್‌ಗೆ ಆರು ದೋಣಿ. ಮುಂದಿನ ಸಲ ಟಿವಿಯಲ್ಲಿ ನೋಡುವಾಗ ನೀರು ಚಿಮ್ಮಿಸುವ ಹುಟ್ಟುಗಳನ್ನು ಬಿಟ್ಟು, ಹಿಂದೆ ಮುಂದೆ ಸರಿಯುವ ಮಣೆಗಳ ಮೇಲೆ ಕಣ್ಣಿಡಿ. ತಾಳ ಮೊದಲು ತಪ್ಪುವುದು ಅಲ್ಲಿ.